ಸೊಸೆ ಗುಡ್ಡದಿಂದ ಮಾತಾಡಿದ್ದು

ನೀರು ಬರುವ ಮೊದಲು ನಲ್ಲಿ ಕೆಮ್ಮುತ್ತದೆ. ಸಾಲಿನ ತುದಿಯ ಮನೆಯಲ್ಲಿ ಮೊದಲು ಒಂದು ಸಣ್ಣ ಕೆಮ್ಮು, ಆಮೇಲೆ ಪಕ್ಕದ ಮನೆಯಲ್ಲಿ, ಹೀಗೆ ಹನ್ನೆರಡು ಮನೆಗಳ ಹನ್ನೆರಡು ನಲ್ಲಿಗಳು ಒಂದರ ಹಿಂದೊಂದು ಗಂಟಲು ಸರಿಮಾಡಿಕೊಳ್ಳುತ್ತವೆ. ಗೊರ್ರೆಂದು ಗಾಳಿ ಕಕ್ಕಿ, ಒಂದು ಗಳಿಗೆ ಯೋಚಿಸಿದಂತೆ ಸುಮ್ಮನಿದ್ದು, ಬಕೆಟ್ಟಿನ ತಳಕ್ಕೆ ಮೊದಲ ನೀರು ಬೀಳುತ್ತದೆ. ನೀರು ಸರಬರಾಜಿನ ನೌಕರರಿಗೆಂದು ಕಟ್ಟಿದ ಈ ಸಾಲಿನಲ್ಲಿ ಯಾರೂ ಅಲಾರಂ ಇಡುವುದಿಲ್ಲ. ಆರು ಗಂಟೆ ದಾಟಿ ಹತ್ತು ನಿಮಿಷಕ್ಕೆ ನಲ್ಲಿ ಕೆಮ್ಮಿದರೆ ಬೆಳಗಾಯಿತು ಎಂದರ್ಥ.

ಎರಡು ತಿಂಗಳಿಂದ ಮಾತ್ರ ಮೂರು ದಿನಕ್ಕೋ ನಾಲ್ಕು ದಿನಕ್ಕೋ ಒಮ್ಮೆ ಬೆಳಗಾಗುವುದು ತಡವಾಗುತ್ತಿತ್ತು. ಅಂಥ ದಿನ ಏಳನೇ ಮನೆಯ ಹಾಸಿಗೆಯಲ್ಲಿ ಪಂಪಕ್ಕ ಕಣ್ಣುಮುಚ್ಚಿಕೊಂಡೇ ಕಿವಿಯಾಗಿ ಮಲಗಿರುತ್ತಿದ್ದಳು. ಕೆಮ್ಮು ಬಾರದಿದ್ದರೆ ಎದ್ದು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. ಯಾಕೆಂದರೆ ಗುಡ್ಡದ ಮೇಲಿನ ಪಂಪು ಮನೆಯಲ್ಲಿ ಮೋಟಾರು ಹಾಕಿ, ತೊಟ್ಟಿ ತುಂಬಿಸಿ, ಬೀದಿಗೆ ನೀರು ಬಿಡುತ್ತಿದ್ದದ್ದು ಅವಳು ಕೈಯಾರೆ ಬರೆದ ಸೊಸೆ.

ಸೊಸೆ ಎಂದರೆ ಮನುಷ್ಯಳಲ್ಲ, ಅಂಗೈಯಗಲದ ಒಂದು ಹಲಗೆಯೊಳಗೆ ಓಡುವ ಆಪರೇಟಿಂಗ್ ಸಿಸ್ಟಂ. ಹನ್ನೊಂದು ವರ್ಷದ ಹಿಂದೆ ಪಂಪು ಮನೆಯ ಹಳೆಯ ಯಂತ್ರ ಸುಟ್ಟುಹೋಗಿ, ಅದನ್ನು ಮಾಡಿದ ಕಂಪನಿಯೂ ಮುಚ್ಚಿಹೋಗಿದ್ದಾಗ, ಸಂಜೆ ತರಗತಿಯಲ್ಲಿ ಎಲೆಕ್ಟ್ರಿಕಲ್ ಕಲಿತಿದ್ದ, ಅಲ್ಲೇ ನೌಕರಿಯಲ್ಲಿದ್ದ ಪಂಪಕ್ಕ "ನಾನೊಂದು ನೋಡ್ಲಾ ಸಾರ್?" ಎಂದು ಕೇಳಿದ್ದಳು. ಮೊದಲು ಬರೆದದ್ದು ಮೋಟಾರು ಹಾಕಿ ಆರಿಸುವಷ್ಟು. ಆಮೇಲೆ ತೊಟ್ಟಿಯ ಮಟ್ಟ ನೋಡಬೇಕಾಯಿತು, ಗಂಟೆ ನೋಡಬೇಕಾಯಿತು, ನೋಡಿದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಡಬೇಕಾಯಿತು, ಕಾವಲುಗಾರರು ಗುಂಡಿ ಒತ್ತಿದಾಗ ಅವರ ಹಾಜರಿಯನ್ನೂ ಹಾಕಬೇಕಾಯಿತು. ಕೆಲಸಗಳು ಹೆಚ್ಚಾಗಿ ಒಂದನ್ನೊಂದು ತಳ್ಳಾಡತೊಡಗಿದಾಗ ಅವನ್ನೆಲ್ಲ ಸರದಿಯಲ್ಲಿ ನಿಲ್ಲಿಸುವ ಒಬ್ಬಳು ಬೇಕಾದಳು. ಬರೆದ ಒಂಬತ್ತು ನೋಟುಬುಕ್ಕುಗಳಿಗೆ, ಟೈಲರ್ ಆದ ಗಂಡ ಅಂಗಿಬಟ್ಟೆಯ ಚೂರುಗಳಿಂದ ರಟ್ಟು ಹೊದಿಸಿಕೊಟ್ಟಿದ್ದ. ಹೆಸರಿಟ್ಟವನೂ ಅವನೇ. "ಮನೆ ಕೆಲಸವೆಲ್ಲ ಮಾಡ್ತಾಳೆ, ಒಂದು ದಿನ ತಪ್ಪಿದ್ರೆ ಊರೆಲ್ಲ ಬೈಯುತ್ತೆ. ಸೊಸೆ ಅನ್ನದೆ ಇನ್ನೇನನ್ನೋಣ?"

ಸೊಸೆ ಎಂದ ಮೇಲೆ ಅತ್ತೆ ಇರಲೇಬೇಕಲ್ಲ. ಅದೇ ಹಲಗೆಯ ಮೂಲೆಯಲ್ಲಿ ಒಂದು ಕಾವಲು ಗಡಿಯಾರವಿತ್ತು. ಸೊಸೆಯ ಎಲ್ಲ ಕೆಲಸಗಳೂ ಎರಡು ಸೆಕೆಂಡಿಗೊಮ್ಮೆ ಅದಕ್ಕೆ "ಎದ್ದಿದ್ದೇವೆ" ಎಂದು ತಿಳಿಸಬೇಕು. ಒಂದು ಕೆಲಸ ತಪ್ಪಿದರೂ, ಸೊಸೆ ಮಲಗಿಬಿಟ್ಟಳು ಎಂದುಕೊಂಡು ಅದು ಎಲ್ಲವನ್ನೂ ಆರಿಸಿ ಮೊದಲಿಂದ ಎಬ್ಬಿಸುತ್ತದೆ. ಅದಕ್ಕೆ ಪಂಪಕ್ಕ ಇಟ್ಟ ಹೆಸರು ಅತ್ತೆ. ಈ ಸಂಗತಿ ನಿಜವಾದ ಅತ್ತೆಯ ಕಿವಿಗೆ ಬಿದ್ದಾಗ ಮುದುಕಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತ್ತು.

"ಎರಡು ಸೆಕೆಂಡಿಗೇ ತಾಳ್ಮೆ ಕಳ್ಕೊಳ್ತಾಳಾ ಅವಳು? ನಾನು ಇಪ್ಪತ್ತಾರು ವರ್ಷದಿಂದ ತಾಳ್ಕೊಂಡಿದ್ದೀನಿ!"

ಈಗ ಕಷ್ಟ ತಂದಿದ್ದು ಹಲಗೆಯೊಳಗಿನ ಅತ್ತೆಯ ಚುರುಕುತನವೇ. ವಾರಕ್ಕೆರಡು ಸಲ, ಬೆಳಿಗ್ಗೆ ಆರರ ಸುಮಾರಿಗೆ ಸೊಸೆ ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿದ್ದಳು. ಎರಡೇ ಸೆಕೆಂಡಿಗೆ ಅತ್ತೆ ಅವಳನ್ನು ಎಬ್ಬಿಸುತ್ತಿದ್ದಳು. ಎದ್ದ ಸೊಸೆಗೆ ಹಿಂದಿನದೊಂದೂ ನೆನಪಿರುತ್ತಿರಲಿಲ್ಲ. ನಿಂತ ಮೋಟಾರು ತಣಿಯಲು ಅರ್ಧ ಗಂಟೆ ಬೇಕು, ಅಲ್ಲಿಯವರೆಗೆ ಬೀದಿಗೆ ನೀರಿಲ್ಲ. ಪಂಪಕ್ಕ ಇನ್ನೂರ ಹನ್ನೆರಡು ಮೆಟ್ಟಿಲು ಹತ್ತಿ, ಮಂಡಿ ಹಿಡಿದುಕೊಂಡು ಮೇಲೆ ಹೋಗಿ ನೋಡಿದರೆ ಸೊಸೆ ಏನೂ ಆಗಿಲ್ಲವೆಂಬಂತೆ ಕೆಲಸದಲ್ಲಿರುತ್ತಿದ್ದಳು. ಕಳ್ಳ ಓಡಿಹೋದ ಮೇಲೆ ಗುಡಿಸಿ ಒರೆಸಿಟ್ಟ ಮನೆಯಂತೆ.

"ಏನಾಯ್ತೇ?" ಎಂದು ಅವಳೇ ಹಲಗೆಯನ್ನು ಕೇಳುತ್ತಿದ್ದಳು.

"ವೋಲ್ಟೇಜು," ಎನ್ನುತ್ತಿದ್ದರು ಗುಡ್ಡದ ಮಾಮ. ಪಂಪು ಮನೆಯ ಕಾವಲುಗಾರರು ಅವರು, ಸೇವೆಗೆ ಸೇರಿ ನಲವತ್ತು ವರ್ಷ. "ಆರಕ್ಕೆ ಊರೆಲ್ಲ ದೀಪ ಹಾಕುತ್ತೆ ಮಗಳೇ. ಕರೆಂಟು ಬಗ್ಗುತ್ತೆ. ಕಾಫಿ ಕುಡಿ." ಎಂದು ಮಡಚಿದ ತೋಳನ್ನು ಇನ್ನಷ್ಟು ಮಡಚಿ, ಮೊಮ್ಮಗಳು ಕೊಟ್ಟ ಹೊಸ ಕೈಗಡಿಯಾರ ಬೆಳಕಿಗೆ ಬರುವಂತೆ ಲೋಟ ನೀಡುತ್ತಿದ್ದರು. ಎರಡು ತಿಂಗಳಿಂದ ಮಾಮ ಕೊಡುವ ಕಾಫಿಯನ್ನೆಲ್ಲ ಆ ಗಡಿಯಾರದ ಕೈಯಿಂದಲೇ ಕೊಡುತ್ತಿದ್ದರು.

ಶನಿವಾರ ದೊಡ್ಡ ಸಾಹೇಬರು ಆಫೀಸಿಗೆ ಕರೆಸಿದರು. ಒಳ್ಳೆಯವರೇ. ಆದರೆ ಅವರ ಮೇಜಿನ ಮೇಲೆ ಊರಿನ ದೂರುಗಳ ಕಟ್ಟು ತಲೆದಿಂಬಿನಷ್ಟು ದಪ್ಪವಾಗಿತ್ತು.

"ನಿಮ್ಮ ಕೆಲಸ ನಂಗೆ ಗೊತ್ತಮ್ಮ. ಹನ್ನೊಂದು ವರ್ಷ ನಡೆಸಿದ್ದೀರಿ. ಆದ್ರೆ ಕೆಡುತ್ತೆ ಅನ್ನೋದಕ್ಕಿಂತ ಯಾಕೆ ಕೆಡುತ್ತೆ ಗೊತ್ತಿಲ್ಲ ಅನ್ನೋದು ನಂಗೆ ಕಷ್ಟ. ಬರೋ ವಾರ ಕಳೆದು ಸೋಮವಾರ ಹತ್ತು ಗಂಟೆಗೆ ಬೇರೆ ಕಂಪನಿಯ, ಪಂಪು ನಡೆಸೋ ರೆಡಿ ಪೆಟ್ಟಿಗೆ ಬರುತ್ತೆ. ಅಷ್ಟರೊಳಗೆ ಕಾರಣ ತೋರಿಸಿ, ಇಟ್ಕೊಳ್ಳೋಣ. ಇಲ್ಲಾಂದ್ರೆ ಬಿಚ್ಚೋಣ."

ಬಿಚ್ಚೋಣ ಎಂಬ ಮಾತು ಮನೆಯವರೆಗೂ ಅವಳ ಜತೆಗೇ ನಡೆದುಬಂತು.

ಮನೆಯ ಮುಂದಿನ ಕೋಣೆ ಗಂಡನದು. ಒಂದು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ತೂಗುಹಾಕಿದ, ತೋಳಿದ್ದೂ ಕಾಲರಿಲ್ಲದ ಅಂಗಿಗಳು. ಆ ಮೇಜಿನ ಮೇಲ್ಗಡೆ ಗೋಡೆಯಿಂದ ಒಂದು ಕರಿಯ ತಂತಿ ಮೂರು ಇಂಚು ಇಣುಕಿ ನಿಂತಿತ್ತು. ಹಿಂದೆ ಇಲ್ಲಿದ್ದ ಮೇಲ್ವಿಚಾರಕರಿಗೆ ಗುಡ್ಡದಿಂದ ಅದರಲ್ಲಿ ಫೋನ್ ಬರುತ್ತಿತ್ತಂತೆ. ಫೋನ್ ಹೋಯಿತು, ತಂತಿ ಉಳಿಯಿತು. ಟೈಲರ್ ಅದಕ್ಕೆ ಅಳತೆಯ ಟೇಪು ನೇತುಹಾಕುತ್ತಿದ್ದ.

ಪಂಪಕ್ಕ ಟೇಪು ತೆಗೆದಳು.

"ಇವಳೇ, ಅದು ನನ್ನ ಮೊಳೆ," ಎಂದ ಗಂಡ.

"ಮೊಳೆ ಅಲ್ಲ, ಸೊಸೆಯ ಕಿವಿ. ಮೇಜೂ ಅರ್ಧ ಬೇಕು."

"ಯಾವ ಅರ್ಧ?"

"ಬಟ್ಟೆ ಇಲ್ಲದ್ದು."

"ಹಾಗಾದ್ರೆ ಮೇಜಿನ ಕೆಳಗೆ ಕೂತ್ಕೋ," ಎಂದವನೇ ಎರಡು ಅಂಗಿ ಸರಿಸಿ ಜಾಗ ಮಾಡಿಕೊಟ್ಟ.

ಅವಳ ಯೋಚನೆ ಸರಳವಾಗಿತ್ತು. ಸೊಸೆ ಸಿಕ್ಕಿಹಾಕಿಕೊಂಡ ಗಳಿಗೆಯಲ್ಲೇ ಅವಳನ್ನು ನಿಲ್ಲಿಸಿ, ಇಲ್ಲಿಂದಲೇ ಮಾತಾಡಿಸಬೇಕು. ಕೈಯಲ್ಲೇನಿದೆ, ಯಾರಿಗಾಗಿ ಕಾಯುತ್ತಿದ್ದೀಯ, ಕೊನೆಗೆ ತುಳಿದ ಮೆಟ್ಟಿಲು ಯಾವುದು ಎಂದು ಒಂದೊಂದಾಗಿ ಕೇಳಬೇಕು. ಬಲ್ಲವರು ಇದಕ್ಕೆ ರಿಮೋಟ್ ಡೀಬಗರ್ ಎನ್ನುತ್ತಾರೆ. ಕೇಳುವ ಅರ್ಧ ಮೇಜಿನ ಮೇಲಿನ ಲ್ಯಾಪ್‌ಟಾಪಿನಲ್ಲಿ ಸಿದ್ಧವಾಗೇ ಇತ್ತು. ಉತ್ತರ ಹೇಳುವ ಅರ್ಧವನ್ನು ಸೊಸೆಯೊಳಗೆ ಅವಳೇ ಬರೆಯಬೇಕಿತ್ತು. ಎಲ್ಲರೂ ನಿಂತಾಗ ಎಚ್ಚರವಿರುವ ಒಬ್ಬಳನ್ನು.

ಭಾನುವಾರ, ಸೋಮವಾರ ಅದರಲ್ಲೇ ಕಳೆದವು. ಮೊದಲ ಸಲ ಉತ್ತರ ಕಳಿಸಲು ಸೊಸೆಯ ಬಾಯನ್ನೇ ಬಳಸಿದ್ದಳು. ಸೊಸೆ ನಿಂತಿದ್ದರೆ ಅವಳ ಬಾಯೂ ನಿಂತಿರುತ್ತದೆ ಎಂಬುದು ಅರ್ಧ ದಿನದ ಮೇಲೆ ಹೊಳೆದು, ತನ್ನ ಹಣೆ ತಾನೇ ಚಚ್ಚಿಕೊಂಡು, ತಂತಿಯ ಮೇಲೆ ಒಂದೊಂದೇ ಅಕ್ಷರವನ್ನು ತಾನೇ ಇಟ್ಟು ತಾನೇ ಎತ್ತಿಕೊಳ್ಳುವ ಹೊಸ ಬಾಯಿ ಬರೆದಳು. ಅದನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಮೆಟ್ಟಿಲು ಹತ್ತಿ ಸೊಸೆಗೆ ತೊಡಿಸಿ ಬಂದಳು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಇಲ್ಲಿಂದ "ನಿಲ್ಲು" ಎಂದು ಕಳಿಸಿದಳು. ಪರದೆಯ ಮೇಲೆ ಒಂದು ಸಾಲು ಮೂಡಿತು: ನಿಂತೆ.

ಪಂಪಕ್ಕನ ಕಣ್ಣು ತುಂಬಿಬಂತು. ಹನ್ನೊಂದು ವರ್ಷ ಮೂಕಳಂತೆ ದುಡಿದವಳು ಮೊದಲ ಸಲ ಓಗೊಟ್ಟಿದ್ದಳು. ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ತಂತಿ ಸತ್ತಿತ್ತು. ಎರಡು ಸೆಕೆಂಡಾಗಿತ್ತಲ್ಲ, ಅತ್ತೆ ಎಬ್ಬಿಸಿಬಿಟ್ಟಿದ್ದಳು. ಮತ್ತೆ ನಿಲ್ಲು ಎಂದಳು. ನಿಂತೆ ಎಂಬ ಉತ್ತರ, ಹಿಂದೆಯೇ ಅತ್ತೆ. ಅತ್ತೆಯ ಬಾಯಿ ಮುಚ್ಚಿಸೋಣವೆಂದರೆ ಹಲಗೆ ಮಾಡಿದವರು ಅದಕ್ಕೆ ದಾರಿಯನ್ನೇ ಇಟ್ಟಿರಲಿಲ್ಲ. ಒಮ್ಮೆ ಶುರುವಾದ ಅತ್ತೆ ಕರೆಂಟು ಹೋಗುವವರೆಗೂ ಅತ್ತೆಯೇ.

ಬುಧವಾರ ಮಧ್ಯಾಹ್ನ ಅವಳು ಮೇಜಿಗೆ ತಲೆಯಾನಿಸಿ ಕೂತಿದ್ದಳು. ಪಕ್ಕದಲ್ಲಿ ಗಂಡ ಒಂದು ಕೋಟಿನ ಕಾಲರು ಹೊಲಿಯುತ್ತಿದ್ದ. ಒಳಗಿನಿಂದ ಅತ್ತೆಯ ದನಿ.

"ಕೇಳಿಸ್ತೇನೋ? ಮೂರನೇ ಮನೆಯವಳು ನನ್ನ ಬಕೆಟ್ ತಗೊಂಡು ಹೋಗಿದ್ದಾಳೆ."

"ಹ್ಞೂಂ," ಎಂದ ಗಂಡ, ಸೂಜಿಯಿಂದ ಕಣ್ಣೆತ್ತದೆ.

"ಹಸಿರು ಬಕೆಟ್ಟು. ಹಿಡಿ ಗಟ್ಟಿ ಇರೋದು."

"ಹ್ಞೂಂ."

"ಕೊಟ್ಟಾಗ ನಗ್ತಾ ತಗೊಂಡ್ಳು, ಈಗ ಕೇಳಿದ್ರೆ ಯಾವ ಬಕೆಟ್ಟು ಅಂತಾಳೆ."

"ಹ್ಞೂಂ."

ಪಂಪಕ್ಕ ತಲೆಯೆತ್ತಿದಳು. "ರೀ, ಅತ್ತೆ ಏನಂದ್ರು?"

"ಯಾವಾಗ?"

"ಈಗ."

ಗಂಡ ಗಾಬರಿಯಿಂದ ಯಂತ್ರ ನಿಲ್ಲಿಸಿದ. "ಏನಂದ್ರು?"

"ಮತ್ತೆ ಹ್ಞೂಂ ಅಂದ್ರಲ್ಲ?"

"ಅದು... ಅನ್ನದಿದ್ರೆ ಎದ್ದು ಬರ್ತಾಳಲ್ಲೇ. ಹೊಲಿಗೆ ಕೆಡುತ್ತೆ."

ಅವಳು ಗಂಡನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ಆಮೇಲೆ ಎದ್ದುಬಂದು ಅವನ ಕೆನ್ನೆ ಹಿಂಡಿ, ಮತ್ತೆ ಕೂತು, ನಾಲ್ಕೇ ಸಾಲು ಬರೆದಳು. ಸೊಸೆ ನಿಂತಿರುವಾಗ, ಪ್ರಶ್ನೆಗಾಗಿ ಕಾದು ಕೂತ ಆ ಒಬ್ಬಳು ಸೆಕೆಂಡಿಗೊಮ್ಮೆ ಅತ್ತೆಗೆ ಹ್ಞೂಂ ಎನ್ನಬೇಕು. ಅಷ್ಟೇ. ಅದರ ಜತೆ ಇನ್ನೊಂದು: ಸಿಟ್ಟು ನೆತ್ತಿಗೇರುವ ಮೊದಲು ಅತ್ತೆ ಒಮ್ಮೆ ಗೊಣಗುತ್ತಾಳೆ, ಆ ಗೊಣಗು ಕೇಳಿದ ಕೂಡಲೇ ಎಲ್ಲವನ್ನೂ ನಿಲ್ಲಿಸಿ ಕೆಳಗೆ ಸುದ್ದಿ ಕಳಿಸಬೇಕು.

ಸಂಜೆ ಮೆಟ್ಟಿಲು ಹತ್ತಿ ತೊಡಿಸಿ ಬಂದಳು. ಗುರುವಾರ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ "ನಿಲ್ಲು" ಎಂದಳು. ನಿಂತೆ. ಎರಡು ಸೆಕೆಂಡು. ಹತ್ತು. ಒಂದು ನಿಮಿಷ. ಗುಡ್ಡದ ಮೇಲೆ ಯಾರೋ ಹ್ಞೂಂ ಹ್ಞೂಂ ಎನ್ನುತ್ತಲೇ ಇದ್ದರು. ಕೇಳಿದ್ದಕ್ಕೆಲ್ಲ ಉತ್ತರ ಬಂತು. ಪಂಪಕ್ಕ ಚಪ್ಪಲಿಯನ್ನೂ ಮೆಟ್ಟದೆ, ಅಂಗಿಯ ಗುಂಡಿ ತರಲು ಹೋಗಿದ್ದ ಗಂಡನನ್ನು ಹುಡುಕಿಕೊಂಡು ಅಂಗಡಿಗೆ ಓಡಿದಳು. ಅಲ್ಲಿ ಇಬ್ಬರೂ ನಿಂತು ನಕ್ಕರು, ಅಂಗಡಿಯವನೂ ಕಾರಣ ಗೊತ್ತಿಲ್ಲದೆ ನಕ್ಕ.

ಮರಳಿ ಬಂದರೆ ಸಾಲಿನ ಹನ್ನೆರಡು ಬಾಗಿಲಲ್ಲೂ ಬಕೆಟ್ ಹಿಡಿದ ಹೆಂಗಸರು. ಬಚ್ಚಲಿನೊಳಗಿಂದ ಅತ್ತೆಯ ದನಿ ಬೀದಿಯ ತಿರುವಿಗೇ ಕೇಳುತ್ತಿತ್ತು.

"ಎಲ್ಲಿ ಹೋದ್ಳು ಆ ಪಂಪಿನವಳು! ದಿನಾ ಹತ್ತೂವರೆಗೆ ಬರೋ ಎರಡನೇ ನೀರು ಎಲ್ಲಿ? ತಲೆ ತುಂಬ ಸೋಪು, ಕಣ್ಣು ಬಿಡೋಕಾಗ್ತಿಲ್ಲ! ಯಾರಾದ್ರೂ ಇದ್ದೀರಾ, ಇಲ್ವಾ?"

ನಿಲ್ಲು ಎಂದವಳು ಮುಂದುವರಿ ಎನ್ನುವುದನ್ನು ಮರೆತಿದ್ದಳು. ನಿಂತ ಸೊಸೆ ಕೊಟ್ಟ ಮಾತಿನಂತೆ ನಿಂತೇ ಇದ್ದಳು.

ಪಂಪಕ್ಕ ಕುಡಿಯುವ ನೀರಿನ ಬಿಂದಿಗೆಯನ್ನೇ ಎತ್ತಿಕೊಂಡು ಬಚ್ಚಲಿಗೆ ನುಗ್ಗಿದಳು. ತಲೆಗೆ ನೀರು ಹೊಯ್ಯುತ್ತಿರುವಾಗ ಅತ್ತೆ ಒಂದು ಕಣ್ಣು ಬಿಟ್ಟಳು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಿನ್ನ ಕಾಲ ಬಂತು ಅಂತ ಹೀಗೆ ತೋರಿಸ್ಬೇಕಾಗಿತ್ತಾ?"

"ಮರ್ತೆ ಅತ್ತೆ."

"ಅದಕ್ಕೆ ಹೇಳಿಡು. ಐದು ನಿಮಿಷ ನಿನ್ನನ್ನ ಯಾರೂ ಮಾತಾಡಿಸದಿದ್ರೆ ನಿನ್ನ ಪಾಡಿಗೆ ನೀನು ಕೆಲಸ ನೋಡ್ಕೋ ಅಂತ. ನಾನು ಮದುವೆಯಾಗಿ ಬಂದ ದಿನದಿಂದ ಹಾಗೇ ಮಾಡ್ತಿದ್ದೀನಿ."

ಅದು ಒಳ್ಳೆಯ ಮಾತಾಗಿತ್ತು. ತಲೆ ಒರೆಸಿಕೊಟ್ಟು ಬಂದವಳೇ ಅದನ್ನೂ ಬರೆದಳು.

ಇನ್ನು ಸೊಸೆ ಕೆಡುವುದೊಂದೇ ಬಾಕಿ. ಶುಕ್ರವಾರ ಐದು ಮುಕ್ಕಾಲಿಗೇ ಎದ್ದು ಮೇಜಿನ ಮುಂದೆ ಕೂತಳು. ಆರು ಹತ್ತಕ್ಕೆ ನಲ್ಲಿ ಸೊಗಸಾಗಿ ಕೆಮ್ಮಿತು. ಶನಿವಾರ ಇನ್ನೂ ಸೊಗಸಾಗಿ. ಭಾನುವಾರ ಸಾಲಿನವರೆಲ್ಲ "ನೋಡಿ, ಸರಿಹೋಯ್ತು" ಎಂದು ಖುಷಿಪಟ್ಟರು. ಪಂಪಕ್ಕನ ಮುಖ ಬಾಡುತ್ತ ಬಂತು.

"ಊರೆಲ್ಲ ಸರಿಯಿರಲಿ ಅಂತ ಬೇಡಿಕೊಂಡ್ರೆ ನೀನೊಬ್ಬಳು ಕೆಡಲಿ ಅಂತ ಕಾಯ್ತಿದ್ದೀಯಲ್ಲೇ," ಎಂದ ಗಂಡ.

"ಕೆಡದಿದ್ರೆ ಕಾರಣ ಸಿಗಲ್ಲ. ಕಾರಣ ಸಿಗದಿದ್ರೆ ನಾಳೆ ಹತ್ತಕ್ಕೆ ಬಿಚ್ತಾರೆ."

ಅವನು ಮರುದಿನ ಅವಳು ಏಳುವ ಮೊದಲೇ ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ತೆಗೆದಿಟ್ಟು ಅಷ್ಟೂ ಜಾಗ ಖಾಲಿ ಮಾಡಿದ್ದ.

ಸೋಮವಾರ. ಗೋಡೆಯ ಗಡಿಯಾರದಲ್ಲಿ ಆರಕ್ಕೆ ಒಂದು ನಿಮಿಷವಿತ್ತು. ಆರಾಯಿತು. ಪರದೆಯ ಮೇಲೆ ಕೇಳದೆಯೇ ಒಂದು ಸಾಲು ಮೂಡಿತು.

ಅತ್ತೆ ಗೊಣಗಿದಳು. ನಿಂತೆ.

"ಕೆಟ್ಟಿತು!" ಎಂದು ಪಂಪಕ್ಕ ಕೂಗಿದ ಸಂತೋಷಕ್ಕೆ ಅತ್ತೆ ಒಳಗಿನಿಂದ ಎದ್ದುಬಂದಳು. ಆದರೆ ಹಿಗ್ಗುವುದಕ್ಕೆ ಹೊತ್ತಿರಲಿಲ್ಲ. ಸೊಸೆ ನಿಂತದ್ದು ಮೋಟಾರು ಓಡುತ್ತಿರುವಾಗ, ಬೀದಿಗೆ ನೀರು ಬಿಡುವ ಮೊದಲು. ಮೇಲೆ ತೊಟ್ಟಿ ತುಂಬುತ್ತಲೇ ಇತ್ತು. ಅವಳು ಮಾಮನಿಗೆ ಮೊಬೈಲು ಹಚ್ಚಿದಳು.

"ಮಾಮ, ತೊಟ್ಟಿ ನೋಡಿ. ತುಂಬೋಕೆ ಎಷ್ಟು ಬಾಕಿ?"

"ಒಂದು ಮೊಳ. ಯಾಕೆ ಮಗಳೇ?"

"ಅಲ್ಲೇ ನಿಂತಿರಿ, ಹೇಳ್ತಾ ಇರಿ."

ಯಾರು ಹ್ಞೂಂ ಎನ್ನಲಿಲ್ಲ ಎಂದು ಸೊಸೆಯನ್ನು ಕೇಳಿದಳು. ಇಬ್ಬರು ಎಂದು ಉತ್ತರ ಬಂತು. ನೀರಿನ ಮಟ್ಟ ಬರೆಯುವ ಕೆಲಸ, ಹಾಜರಿ ಬರೆಯುವ ಕೆಲಸ.

"ಒಂದು ಗೇಣು," ಎಂದರು ಮಾಮ.

ಮಟ್ಟ ಬರೆಯುವವನ ಕೈಯಲ್ಲಿ ಏನಿದೆ? ಗಂಟೆ ನೋಡುವ ಗಡಿಯಾರ. ಯಾವುದಕ್ಕೆ ಕಾಯುತ್ತಿದ್ದಾನೆ? ದಿನಚರಿಗೆ. ಹಾಜರಿಯವನ ಕೈಯಲ್ಲಿ? ದಿನಚರಿ. ಕಾಯುತ್ತಿರುವುದು? ಗಡಿಯಾರಕ್ಕೆ.

ಅವಳ ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಂತವು. ಗಂಡ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ.

"ಏನಂತೆ?"

"ಒಬ್ಬನ ಕೈಲಿ ಕತ್ತರಿ, ಬಟ್ಟೆ ಬರಲಿ ಅಂತ ಕೂತಿದ್ದಾನೆ. ಇನ್ನೊಬ್ಬನ ಕೈಲಿ ಬಟ್ಟೆ, ಕತ್ತರಿ ಬರಲಿ ಅಂತ ಕೂತಿದ್ದಾನೆ. ಇಬ್ಬರೂ ಬಿಡಲ್ಲ."

"ನಮ್ಮಪ್ಪ, ಚಿಕ್ಕಪ್ಪ ಹೀಗೇ ಒಂದು ಮಧ್ಯಾಹ್ನವಿಡೀ ಕೂತಿದ್ರು," ಎಂದ ಟೈಲರ್.

"ನಾಲ್ಕು ಬೆರಳು, ಮಗಳೇ!"

ಅವಳು ತಂತಿಯಲ್ಲೇ ಕೈಚಾಚಿ ಹಾಜರಿಯವನ ಕೈಯಿಂದ ದಿನಚರಿ ಬಿಡಿಸಿ ಇನ್ನೊಬ್ಬನಿಗೆ ಕೊಟ್ಟಳು. ಮುಂದುವರಿ ಎಂದಳು, ಈ ಸಲ ಮರೆಯದೆ. ಕೋಣೆಯಲ್ಲಿ ಮೂವರೂ ಬೀದಿಯ ಕಡೆ ಕಿವಿಗೊಟ್ಟರು. ಸಾಲಿನ ತುದಿಯ ಮನೆಯಲ್ಲಿ ಒಂದು ಸಣ್ಣ ಕೆಮ್ಮು. ಆಮೇಲೆ ಪಕ್ಕದ ಮನೆಯಲ್ಲಿ. ಆಮೇಲೆ ಎಲ್ಲ ಕಡೆ.

"ಮಾಮ," ಎಂದಳು ಪಂಪಕ್ಕ. "ಇವತ್ತು ಹಾಜರಿ ಗುಂಡಿ ಎಷ್ಟು ಗಂಟೆಗೆ ಒತ್ತಿದ್ರಿ?"

"ಆರಕ್ಕೆ."

"ಆರು ಅಂದ್ರೆ?"

"ಆರು ಅಂದ್ರೆ ಆರೇ. ಹೊಸ ಗಡಿಯಾರ ಬಂದ ಮೇಲೆ ನಾನು ಸೆಕೆಂಡೂ ತಪ್ಪಲ್ಲ. ಸೆಕೆಂಡು ಮುಳ್ಳು ಹನ್ನೆರಡರ ಮೇಲೆ ಕೂರೋವರೆಗೂ ಗುಂಡಿ ಮೇಲೆ ಬೆರಳಿಟ್ಕೊಂಡು ಕಾಯ್ತೀನಿ. ಯಾಕೆ?"

ಆರು ಗಂಟೆಗೆ ಸರಿಯಾಗಿಯೇ ಸೊಸೆ ನೀರಿನ ಮಟ್ಟ ಬರೆಯುತ್ತಿದ್ದಳು. ನಲವತ್ತು ವರ್ಷದಿಂದ ಮಾಮ ಆರೂ ಹತ್ತಕ್ಕೋ ಆರೂ ಕಾಲಕ್ಕೋ ಬರುವವರು, ಗುಂಡಿ ಬಂದ ಮೇಲೂ ಅದನ್ನು ಆಗಲೇ ಒತ್ತುತ್ತಿದ್ದರು. ಎರಡು ಕೆಲಸಗಳು ಎಂದೂ ಎದುರುಬದುರಾಗಿರಲಿಲ್ಲ. ಈಗ ರೆಪ್ಪೆ ಮಿಟುಕಿಸುವಷ್ಟು ಹೊತ್ತಿನೊಳಗೆ ಎರಡೂ ಬಂದ ದಿನ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿದ್ದವು.

ಹತ್ತಕ್ಕೆ ದೊಡ್ಡ ಸಾಹೇಬರು ಜೀಪಿನಲ್ಲಿ ಹೊಸ ಪೆಟ್ಟಿಗೆಯೊಂದಿಗೆ ಬಂದಾಗ, ಅಷ್ಟು ಹೊತ್ತಿಗೆ ಅವಳು ಬದಲಿಸಿದ್ದು ಮೂರು ಸಾಲು. ಯಾರೇ ಆಗಲಿ ಮೊದಲು ಗಡಿಯಾರ ತೆಗೆದುಕೊಳ್ಳಬೇಕು, ಆಮೇಲೆ ದಿನಚರಿ. ಅದನ್ನು ಇನ್ನೂ ಮೇಲೆ ಕಳಿಸಿರಲಿಲ್ಲ. ಸಾಹೇಬರನ್ನು ಮೇಜಿನ ಮುಂದೆ ಕೂರಿಸಿ, ಮಟ್ಟ ಬರೆಯುವವನನ್ನು ಗಡಿಯಾರ ಹಿಡಿದ ಗಳಿಗೆಗೆ ಸರಿಯಾಗಿ ತಡೆದು, ಮಾಮನಿಗೆ ಗುಂಡಿ ಒತ್ತಲು ಹೇಳಿದಳು. ಅತ್ತೆ ಗೊಣಗಿದಳು. ಬಿಡಿಸಿ, ಹೊಸ ಸಾಲುಗಳನ್ನು ತಂತಿಯಲ್ಲೇ ಮೇಲೆ ಕಳಿಸಿ, ಮತ್ತೆ ಹಾಗೇ ಮಾಡಿದಳು. ಈ ಸಲ ಅತ್ತೆಗೆ ಗೊಣಗಲು ಏನೂ ಸಿಗಲಿಲ್ಲ. ಇಪ್ಪತ್ತು ಸಲ ಒತ್ತಿಸಿದರೂ ಇಲ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ಅಂದ್ರೆ ಎರಡು ತಿಂಗಳಿಂದ ಊರಿಗೆ ನೀರು ತಪ್ಪಿದ್ದು ಕಾವಲುಗಾರ ಸಮಯಕ್ಕೆ ಸರಿಯಾಗಿ ಬಂದಿದ್ದಕ್ಕಾ?"

"ಅಲ್ಲ ಸಾರ್. ತಪ್ಪು ನಂದು, ಒಂಬತ್ತು ವರ್ಷದ ಹಿಂದೆ ಬರೆದಿದ್ದು. ಮಾಮ ಅದನ್ನ ಹಿಡಿದುಕೊಟ್ಟರು."

ಮೊಬೈಲಿನೊಳಗಿಂದ ಮಾಮನ ದನಿ ಬಂತು. "ನಲವತ್ತು ವರ್ಷ ತಡವಾಗಿ ಬಂದೆ, ಒಂದು ಪಿಳ್ಳೆ ಕೇಳಲಿಲ್ಲ. ಎರಡು ತಿಂಗಳು ಸರಿಯಾಗಿ ಬಂದೆ, ಸಾಹೇಬರೇ ವಿಚಾರಣೆಗೆ ಬಂದ್ರು. ನಾಳೆಯಿಂದ ಆರೂ ಕಾಲಕ್ಕೇ ಬರ್ತೀನಿ ಸಾರ್."

ಸಾಹೇಬರು ನಕ್ಕರು. ಪೆಟ್ಟಿಗೆ ಜೀಪಿನಿಂದ ಇಳಿಯಲೇ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ಒಳ್ಳೇದಾಯ್ತಮ್ಮ. ಇನ್ನು ನೀವು ಗುಡ್ಡ ಹತ್ತೋ ಹಾಗೇ ಇಲ್ಲ, ಮಂಡಿಗೂ ಆರಾಮ," ಎಂದರು.

ಮೊಬೈಲು ಮೇಜಿನ ಮೇಲೆ ಇನ್ನೂ ತೆರೆದೇ ಇತ್ತು. ಅದರೊಳಗಿಂದ ಮಾಮ "ಹ್ಞೂಂ," ಎಂದರು.

ಆ ಸಂಜೆ ಐದಕ್ಕೆ ಪಂಪಕ್ಕ ಚಪ್ಪಲಿ ಮೆಟ್ಟಿಕೊಂಡಳು. ಟೈಲರ್ ತಂತಿಗೆ ಮತ್ತೆ ಟೇಪು ನೇತುಹಾಕಲು ಜಾಗ ಹುಡುಕುತ್ತಿದ್ದವನು ತಿರುಗಿ ನೋಡಿದ.

"ಎಲ್ಲಿಗೆ?"

"ಗುಡ್ಡಕ್ಕೆ."

"ಮತ್ತೆ ಆ ತಂತಿ? ಇನ್ನು ಹತ್ತೋ ಹಾಗೇ ಇಲ್ಲ ಅಂದ್ರಲ್ಲ ಸಾಹೇಬರು?"

"ಸೊಸೆಯ ಮಾತು ತಂತೀಲಿ ಬರುತ್ತೆ. ಮಾಮನ ಕಾಫಿ ಬರುತ್ತಾ?" ಎನ್ನುತ್ತ ಅವಳು ಅಂಗಿಬಟ್ಟೆಯ ರಟ್ಟಿನ ನೋಟುಬುಕ್ಕನ್ನು ಕಂಕುಳಿಗೆ ಸೇರಿಸಿ ಹೊಸ್ತಿಲು ದಾಟಿದಳು. "ಆಮೇಲೆ ಆ ಹಾಜರಿ ಗುಂಡಿ ಒತ್ತಿ ಒತ್ತಿ ಸಡಿಲವಾಗಿದೆಯಂತೆ, ಅದನ್ನ ಇಲ್ಲಿಂದ ಬಿಗಿ ಮಾಡೋಕಾಗಲ್ಲ. ಅತ್ತೆ ಕೇಳಿದ್ರೆ ಕತ್ತಲಾಗೋದ್ರೊಳಗೆ ಬರ್ತಾಳೆ ಅನ್ನಿ, ಮತ್ತೆ ಹಸಿರು ಬಕೆಟ್ಟು ಮೂರನೇ ಮನೆಯಲ್ಲಿಲ್ಲ, ಅದು ಮೇಲೆ ಪಂಪು ಮನೆಯಲ್ಲೇ ಇದೆ, ಹೋದ ವಾರ ನಾನೇ ತಗೊಂಡು ಹೋಗಿದ್ದೆ ಅಂತಾನೂ ಹೇಳಿ."